ವೇವ್‌ಟೇಬಲ್ ಆಸಿಲೇಟರ್‌ನಲ್ಲಿ ಏಲಿಯಾಸಿಂಗ್: ಅರ್ಧ ಆಕ್ಟೇವ್‌ಗೊಂದು ಟೇಬಲ್

ವೇವ್‌ಟೇಬಲ್ ಆಸಿಲೇಟರ್ ಎಂದರೆ ಅಲೆಯ ಒಂದು ಆವರ್ತನವನ್ನು ಟೇಬಲ್‌ನಲ್ಲಿಟ್ಟು, ಮತ್ತೆ ಮತ್ತೆ ಓದಿ ಸ್ವರ ಹುಟ್ಟಿಸುವ ವಿಧಾನ. 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್‌ನಲ್ಲಿ, ಏನೂ ಸೋಸದ ಟೇಬಲ್‌ನಿಂದ 1760 ಹರ್ಟ್ಸ್‌ನ ಸಾಟೂತ್ (ಗರಗಸದ ಹಲ್ಲಿನಾಕಾರದ ಅಲೆ) ನುಡಿಸಿ ನೋಡಿ. ಅದರ 27ನೇ ಹಾರ್ಮೋನಿಕ್ (ಮೂಲ ಸ್ವರದ 27 ಪಟ್ಟಿನ ಅಂಶ) 47,520 ಹರ್ಟ್ಸ್. ನೈಕ್ವಿಸ್ಟ್ ಮಿತಿ, ಅಂದರೆ ಸ್ಯಾಂಪಲ್ ರೇಟ್‌ನ ಅರ್ಧ, 24,000 ಆದ್ದರಿಂದ ಅದು ಮಡಚಿಕೊಂಡು 480ಕ್ಕೆ ಬಂದು ಕೂರುತ್ತದೆ, ಮೂಲ ಸ್ವರಕ್ಕಿಂತಲೂ ಕೆಳಗೆ! ಸ್ವರವನ್ನು 10 ಹರ್ಟ್ಸ್ ಮೇಲಕ್ಕೆ ಎಳೆದರೆ ಇದು 210ಕ್ಕೆ ಇಳಿಯುತ್ತದೆ. ಹೀಗೆ ಮಡಚಿಕೊಳ್ಳುವುದೇ ಏಲಿಯಾಸಿಂಗ್. ಸ್ವರ ಏರುವಾಗ ಇಳಿಯುವ ಈ ಅಪಸ್ವರವನ್ನು ಆಮೇಲೆ ಫಿಲ್ಟರ್ ಹಾಕಿ ತೆಗೆಯಲು ಬರುವುದಿಲ್ಲ. ಆ ಹಾರ್ಮೋನಿಕ್ ಟೇಬಲ್‌ನಲ್ಲೇ ಇರಬಾರದು.

ಹಾಗಾಗಿ ಟೇಬಲ್‌ಗಳನ್ನು ಮೊದಲೇ ಸೋಸಿಡುತ್ತೇನೆ. 2048 ಸ್ಯಾಂಪಲ್‌ಗಳ ಒಂದು ಆವರ್ತನಕ್ಕೆ ಎಫ್‌ಎಫ್‌ಟಿ ಮಾಡಿ (ಅಲೆಯನ್ನು ಅದರ ಹಾರ್ಮೋನಿಕ್‌ಗಳಾಗಿ, ಅಂದರೆ ಬಿನ್‌ಗಳಾಗಿ ಬಿಡಿಸುವ ಲೆಕ್ಕ), ಡಿಸಿ ಬಿನ್ (0 ಹರ್ಟ್ಸ್‌ನದು) ಸೊನ್ನೆ ಮಾಡಿ, ಬೇಕಾದ ಹಾರ್ಮೋನಿಕ್‌ಗಳಿಗಿಂತ ಮೇಲಿನ ಬಿನ್‌ಗಳನ್ನು (ಕನ್ನಡಿ ಬದಿಯವನ್ನೂ ಸೇರಿಸಿ) ಅಳಿಸಿ, ಇನ್ವರ್ಸ್ ಎಫ್‌ಎಫ್‌ಟಿಯಿಂದ ಮತ್ತೆ ಅಲೆಯಾಗಿಸುತ್ತೇನೆ.

ಎಷ್ಟು ಉಳಿಸಬೇಕು ಎಂಬುದರಲ್ಲೇ ಸ್ವಾರಸ್ಯವಿದೆ. ಆಕ್ಟೇವ್‌ಗೊಂದು ಟೇಬಲ್ ಇಟ್ಟು 24,000ಕ್ಕೆ ಕತ್ತರಿಸಿದರೆ, ಆ ಆಕ್ಟೇವ್‌ನ ಕೆಳತುದಿಯಲ್ಲಿ ಹಾರ್ಮೋನಿಕ್‌ಗಳು 12,000ಕ್ಕೇ ಮುಗಿಯುತ್ತವೆ. ಧ್ವನಿ ಮಂಕಾಗುತ್ತದೆ, ಟೇಬಲ್ ಬದಲಾಗುವ ಜಾಗ ಕಿವಿಗೆ ಗೊತ್ತಾಗುತ್ತದೆ. ನಾನು ಅರ್ಧ ಆಕ್ಟೇವ್‌ಗೊಂದು ಟೇಬಲ್ ಇಟ್ಟು, ಮಿತಿಯನ್ನು 28,000ಕ್ಕೆ ಏರಿಸುತ್ತೇನೆ. 28,000 ಮಡಚಿದರೆ 20,000ಕ್ಕೆ ಬೀಳುತ್ತದೆ, ಅಂದರೆ ಕಿವಿಗೆ ಕೇಳದ ಕಡೆ. ಕೆಳತುದಿಯಲ್ಲೂ 19,800ರವರೆಗೆ ಹಾರ್ಮೋನಿಕ್‌ಗಳು ಸಿಗುತ್ತವೆ, ಎರಡು ಟೇಬಲ್‌ಗಳನ್ನು ನಿಧಾನವಾಗಿ ಬೆರೆಸುವ ಕ್ರಾಸ್‌ಫೇಡ್‌ನ ಹಂಗೇ ಇಲ್ಲ. 44.1 ಕಿಲೋಹರ್ಟ್ಸ್‌ನಲ್ಲಿ ಮಿತಿ 24,100. ಅಲ್ಲಿ ಆಕ್ಟೇವ್‌ಗೆ ಮೂರು ಟೇಬಲ್ ಬೇಕು. ಮುಂದೆ ಡಿಸ್ಟಾರ್ಷನ್ ಇದ್ದರೆ ಮಾತ್ರ ಈ ರಿಯಾಯಿತಿ ಬೇಡ. ಕೇಳದ ಆ ಹಾರ್ಮೋನಿಕ್‌ಗಳು ಬೆರೆತು ಕೇಳುವ ಜಾಗಕ್ಕೆ ಇಳಿಯುತ್ತವೆ.

ಅತಿ ಹೆಚ್ಚೆಂದರೆ 512 ಹಾರ್ಮೋನಿಕ್ ಇಡುತ್ತೇನೆ. ಆಗಲೂ ಕೊನೆಯದಕ್ಕೆ ಆವರ್ತನಕ್ಕೆ ನಾಲ್ಕೇ ಸ್ಯಾಂಪಲ್. ಸ್ಯಾಂಪಲ್‌ಗಳ ನಡುವಿನ ಬೆಲೆಯನ್ನು ಸರಳರೇಖೆಯಿಂದ ಊಹಿಸುವ ಲೀನಿಯರ್ ಇಂಟರ್‌ಪೊಲೇಶನ್‌ನಲ್ಲಿ ಅದು ಸುಮಾರು 2 ಡೆಸಿಬಲ್ ಕುಗ್ಗುವುದಲ್ಲದೆ, ಹೊಸ ಪ್ರತಿಬಿಂಬಗಳೂ ಹುಟ್ಟಿ ಮಡಚಿಕೊಳ್ಳುತ್ತವೆ. ಬದಲಿಗೆ ನಾಲ್ಕು ಬಿಂದುಗಳ ಮೂಲಕ ವಕ್ರರೇಖೆ ಎಳೆಯುವ ಹರ್ಮೈಟ್ ಬಳಸಿ. ಟೇಬಲ್‌ನ ಹಿಂದೆ ಒಂದು, ಮುಂದೆ ಎರಡು ಸ್ಯಾಂಪಲ್ ನಕಲು ಮಾಡಿಟ್ಟರೆ ಅಂಚಿನಲ್ಲಿ ಸುತ್ತಿಬರುವ ಲೆಕ್ಕ ಉಳಿಯುತ್ತದೆ. 512ರಿಂದ 1ರವರೆಗೆ 19 ಟೇಬಲ್, ಫ್ಲೋಟ್‌ನಲ್ಲಿ ಸುಮಾರು 152 ಕೆಬಿ. 64 ಫ್ರೇಮ್‌ಗೆ (ಒಂದೇ ವೇವ್‌ಟೇಬಲ್‌ನ ಬೇರೆಬೇರೆ ಅಲೆಗಳಿಗೆ) 10 ಎಂಬಿ ಹತ್ತಿರ.

ಪ್ರತಿ ಟೇಬಲ್ಲನ್ನೂ ಬೇರೆಬೇರೆಯಾಗಿ ನಾರ್ಮಲೈಸ್ ಮಾಡಲೇಬೇಡಿ (ಅಂದರೆ ತುದಿಯನ್ನು ಒಂದೇ ಎತ್ತರಕ್ಕೆ ತರಬೇಡಿ). ಹಾರ್ಮೋನಿಕ್‌ಗಳ ಎಣಿಕೆ ಬದಲಾದಂತೆ ತುದಿಯ ಎತ್ತರವೂ ಬದಲಾಗುತ್ತದೆ, ಸ್ವರದಿಂದ ಸ್ವರಕ್ಕೆ ಮಟ್ಟ ಜಿಗಿಯುತ್ತದೆ. ಎಲ್ಲಕ್ಕೂ ಒಂದೇ ಗುಣಕ ಇರಲಿ. ±1ರ ಸಾಟೂತ್ ಗಿಬ್ಸ್ ಪರಿಣಾಮದಿಂದ (ಮೇಲಿನ ಹಾರ್ಮೋನಿಕ್ ಕತ್ತರಿಸಿದಾಗ ಜಿಗಿತದ ಬಳಿ ಅಲೆ ಮಿತಿ ಮೀರುವುದು) 1.18ರವರೆಗೆ ಏರಬಹುದು, ಅಷ್ಟು ಜಾಗ ಬಿಡಿ.

ಎಫ್‌ಎಂ (ಇನ್ನೊಂದು ಅಲೆಯಿಂದ ಸ್ವರದ ಆವೃತ್ತಿಯನ್ನು ಅಲುಗಿಸುವುದು) ಇದ್ದಾಗ ಫೇಸ್ ಇನ್‌ಕ್ರಿಮೆಂಟ್ (ಪ್ರತಿ ಸ್ಯಾಂಪಲ್‌ಗೆ ಟೇಬಲ್‌ನಲ್ಲಿ ಮುಂದೆ ಸಾಗುವ ದೂರ) ತಲುಪಬಹುದಾದ ಗರಿಷ್ಠ ಬೆಲೆಯಿಂದ ಟೇಬಲ್ ಆರಿಸಿ, 4 ಪಟ್ಟು ಓವರ್‌ಸ್ಯಾಂಪಲ್ ಮಾಡುತ್ತೇನೆ (ಅಷ್ಟು ಹೆಚ್ಚಿನ ಸ್ಯಾಂಪಲ್ ರೇಟ್‌ನಲ್ಲಿ ಲೆಕ್ಕ ಹಾಕುತ್ತೇನೆ). ಕೊನೆಗೆ 20ರಿಂದ 10,000 ಹರ್ಟ್ಸ್‌ಗೆ ಸಾಟೂತ್ ಸ್ವೀಪ್ ಓಡಿಸಿ ಸ್ಪೆಕ್ಟ್ರೋಗ್ರಾಮ್ ನೋಡಿ. 20,000ದ ಕೆಳಗೆ ಇಳಿಮುಖದ ಗೆರೆ ಒಂದೂ ಇರಬಾರದು. ಹಾರ್ಡ್ ಸಿಂಕ್‌ಗೆ (ಇನ್ನೊಂದು ಆಸಿಲೇಟರ್ ಇದರ ಅಲೆಯನ್ನು ನಡುವೆಯೇ ಮೊದಲಿನಿಂದ ಶುರು ಮಾಡಿಸುವುದಕ್ಕೆ) ಇದ್ಯಾವುದೂ ಸಾಲದು. ಅಲ್ಲಿ ಫೇಸ್ ಮರುಹೊಂದಿಸುವ ಜಿಗಿತವೇ ಏಲಿಯಾಸ್ ಹುಟ್ಟಿಸುವುದರಿಂದ, ಆ ಬಿಂದುವಿನಲ್ಲಿ ಪಾಲಿಬ್ಲೆಪ್ (ಜಿಗಿತವನ್ನು ನಯವಾಗಿಸುವ ಸಣ್ಣ ಬಹುಪದಿ) ತಿದ್ದುಪಡಿಯನ್ನು ಬೇರೆಯಾಗಿ ಸೇರಿಸಬೇಕು.