ಯಂತ್ರಗಳನ್ನು ನೋಡಿ ಬರೆದ ಡ್ರಾಯಿಂಗ್: ದೇಶೀಯ ಯುಟಿಲಿಟಿ ವಾಹನವೊಂದನ್ನು ರೂಪಿಸಿದ ನನ್ನ ಅನುಭವ

ಸರಕನ್ನೂ ಜನರನ್ನೂ ಒಯ್ಯಬಲ್ಲ, ಕಚ್ಚಾರಸ್ತೆಗೂ ಕಿರಿದಾದ ಓಣಿಗೂ ಸಲ್ಲುವ ಸಣ್ಣ ಯುಟಿಲಿಟಿ ವಾಹನವೊಂದನ್ನು ರೂಪಿಸುವ ತಂಡದಲ್ಲಿ ಬಿಡಿಭಾಗಗಳ ಅಭಿವೃದ್ಧಿಯ ಹೊಣೆ ನನ್ನದಾಗಿತ್ತು. ವಾಹನ ಅಗ್ಗವಾಗಿರಬೇಕು ಎಂಬುದರ ಜೊತೆಗೆ, ಅದರ ಭಾಗಗಳಲ್ಲಿ ಸಾಧ್ಯವಾದಷ್ಟನ್ನು ದೇಶದೊಳಗಿನ ಸಣ್ಣ ಮತ್ತು ಮಧ್ಯಮ ತಯಾರಕರೇ ಮಾಡಿಕೊಡುವಂತಾಗಬೇಕು ಎಂಬುದು ಯೋಜನೆಯ ಉದ್ದೇಶವಾಗಿತ್ತು. ಆದರೆ ಮೊದಲ ಆರು ತಿಂಗಳು ನಾವು ಈ ಉದ್ದೇಶಕ್ಕೆ ಅಡ್ಡವಾಗಿಯೇ ನಡೆದೆವು. ಹೊರದೇಶದ ವಾಹನಗಳನ್ನು ಬಿಚ್ಚಿ ನೋಡಿ, ಅವುಗಳ ಬಾಗುವಿಕೆಗಳನ್ನೂ ಅಳತೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಡ್ರಾಯಿಂಗ್ ಬರೆದೆವು. ಆಮೇಲೆ ಅದನ್ನು ತಯಾರಕರ ಮುಂದಿಟ್ಟು ದರ ಕೇಳಿದೆವು. ಬಾಗಿಲಿನ ಹೊರ ತಗಡಿಗೆ ಬಂದ ದರಪಟ್ಟಿಯಲ್ಲಿ ಡೈ, ಅಂದರೆ ತಗಡಿಗೆ ಆಕಾರ ಕೊಡುವ ಅಚ್ಚು ಮಾಡಿಸುವ ವೆಚ್ಚವೇ ಉಳಿದೆಲ್ಲವನ್ನೂ ನುಂಗಿಹಾಕಿತ್ತು. ಕೆಲವರು ದರವನ್ನೇ ಕೊಡಲಿಲ್ಲ. ಅವರಲ್ಲೊಬ್ಬ ಹಿರಿಯ ಪ್ರೆಸ್ ಕಾರ್ಖಾನೆಯ ಮಾಲೀಕರು ಡ್ರಾಯಿಂಗನ್ನು ಮಡಚಿ ವಾಪಸ್ ಕೊಡುತ್ತಾ, "ಸರ್, ಇದನ್ನು ಬರೆಯುವ ಮೊದಲು ನೀವು ಒಮ್ಮೆ ನನ್ನ ಶೆಡ್‌ಗೆ ಬಂದಿದ್ದರೆ ಚೆನ್ನಾಗಿತ್ತು" ಎಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮುಂದಿನ ನಾಲ್ಕು ತಿಂಗಳು ನಾನು ಮತ್ತು ಇಬ್ಬರು ವಿನ್ಯಾಸಕರು ಹೊಸ ಗೆರೆಯನ್ನೇ ಎಳೆಯದೆ ಶೆಡ್‌ಗಳನ್ನು ಸುತ್ತಿದೆವು. ಯಾರ ಬಳಿ ಎಷ್ಟು ಟನ್‌ನ ಪ್ರೆಸ್ ಇದೆ, ಅದರ ಮೇಜಿನ ಅಗಲವೆಷ್ಟು, ತಗಡು ಬಾಗಿಸುವ ಪ್ರೆಸ್ ಬ್ರೇಕ್ ಎಷ್ಟು ಉದ್ದದ್ದು, ಕುಲುಮೆಯ ಉಷ್ಣವನ್ನು ಯಾವುದರಿಂದ ಅಳೆಯುತ್ತಾರೆ, ವೆಲ್ಡಿಂಗ್ ಮಾಡುವವರು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂಬುದನ್ನೆಲ್ಲ ಒಂದು ದಪ್ಪ ನೋಟ್‌ಬುಕ್‌ನಲ್ಲಿ ಬರೆದುಕೊಂಡೆವು. ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ದಾಖಲೆ ಅದೇ ಎಂದು ಇಂದಿಗೂ ನಂಬಿದ್ದೇನೆ. ದೇಶೀಯ ಬಿಡಿಭಾಗ ತಯಾರಕರಿಗೆ ಬೆಂಬಲ ಕೊಡುವುದೆಂದರೆ ಅವರ ಕೈಯಲ್ಲಿರುವ ಯಂತ್ರದಿಂದ ಮಾಡಬಹುದಾದ ವಾಹನವನ್ನು ಬರೆಯುವುದು. ಬೇರೆ ಯಾರದ್ದೋ ಯಂತ್ರಕ್ಕಾಗಿ ಬರೆದ ವಾಹನವನ್ನು ಅವರ ಮೇಲೆ ಹೇರಿ, ಕೊನೆಗೆ ಅವರಿಗೆ ಸಾಮರ್ಥ್ಯವಿಲ್ಲವೆಂದು ಷರಾ ಬರೆಯುವುದು ಅನ್ಯಾಯ.

ಈ ದಾರಿ ನಾವು ಕಂಡುಹಿಡಿದದ್ದಲ್ಲ. 1977ರಲ್ಲಿ ಇಂಡೋನೇಷ್ಯಾದಲ್ಲಿ ಬಂದ ಮೊದಲ ಟೊಯೋಟಾ ಕಿಜಾಂಗ್ ವಾಹನದ ಮೈಯೆಲ್ಲ ಬಹುಮಟ್ಟಿಗೆ ಚಪ್ಪಟೆ ತಗಡುಗಳಿಂದ, ನೇರ ಮಡಿಕೆಗಳಿಂದ ಕೂಡಿತ್ತು. 1970ರ ದಶಕದಲ್ಲೇ ಸಿಟ್ರೊಯೆನ್ ಸಂಸ್ಥೆಯು ಅಭಿವೃದ್ಧಿಶೀಲ ದೇಶಗಳಿಗಾಗಿ ಫಾಫ್ ಎಂಬ ವಾಹನವನ್ನು ರೂಪಿಸಿದಾಗ, ಸುಲಭವಾಗಿ ಮಾಡಬಹುದಾದದ್ದು ಎಂಬ ಅರ್ಥವನ್ನು ಅದರ ಹೆಸರಿನಲ್ಲೇ ಇಟ್ಟಿತ್ತು. ಆಳವಾಗಿ ಎಳೆದು ರೂಪಿಸುವ ತಗಡಿಗೆ ಭಾರಿ ಪ್ರೆಸ್ಸೂ ಜೋಡಿ ಡೈಗಳೂ ಬೇಕು. ನೇರವಾಗಿ ಮಡಿಸುವ ತಗಡಿಗೆ ಒಂದು ಪ್ರೆಸ್ ಬ್ರೇಕ್ ಮತ್ತು ನುರಿತ ಕೈ ಸಾಕು. ವರ್ಷಕ್ಕೆ ಕೆಲವೇ ಸಾವಿರ ವಾಹನ ಮಾಡುವವರು ಡೈಗಳ ವೆಚ್ಚವನ್ನು ಪ್ರತಿ ವಾಹನದ ಮೇಲೆ ಹಂಚಲು ಹೊರಟರೆ ಲೆಕ್ಕ ಎಂದಿಗೂ ಕೂಡುವುದಿಲ್ಲ.

ಆದ್ದರಿಂದ ನಮ್ಮ ಎರಡನೆಯ ವಿನ್ಯಾಸದಲ್ಲಿ ಮೈಯ ಎಲ್ಲ ಹೊರ ತಗಡುಗಳೂ ಮಡಿಕೆಯಿಂದಲೇ ಆಗುವಂತಿದ್ದವು. ಮುಂಗಾಜನ್ನು ಚಪ್ಪಟೆಯಾಗಿಟ್ಟೆವು, ಚಪ್ಪಟೆಯಾದ ಲ್ಯಾಮಿನೇಟೆಡ್ ಗಾಜನ್ನು ಹಾಳೆಯಿಂದ ನೇರವಾಗಿ ಕತ್ತರಿಸಬಹುದು, ಬಾಗಿಸುವ ಅಚ್ಚು ಬೇಡ. ಎಡ ಮತ್ತು ಬಲ ಬಾಗಿಲಿನ ಚೌಕಟ್ಟು, ಹಿಂದಿನ ದೀಪ, ಬಂಪರಿನ ತುದಿ, ಮಡ್‌ಗಾರ್ಡ್ ಇವೆಲ್ಲ ತಿರುಗಿಸಿ ಹಾಕಿದರೆ ಎರಡೂ ಬದಿಗೆ ಸಲ್ಲುವಂತೆ ಮಾಡಿದೆವು. ಇದರಿಂದ ಒಂದೇ ಟೂಲ್‌ಗೆ ಎರಡರಷ್ಟು ಕೆಲಸ ಸಿಕ್ಕಿತು. ಬೋಲ್ಟ್‌ಗಳ ಬಗೆಗಳನ್ನೂ ಹೀಗೆಯೇ ಇಳಿಸಿ, ಬಹುಪಾಲು ಜೋಡಣೆಗಳನ್ನು ಎಂ8, ಎಂ10, ಎಂ12 (8, 10, 12 ಮಿಲಿಮೀಟರ್ ವ್ಯಾಸದ) ಅಳತೆಗಳೊಳಗೆ ತಂದೆವು. ಬೋಲ್ಟ್ ತಯಾರಕನಿಗೆ ಇಪ್ಪತ್ತು ಬಗೆಯ ಚಿಲ್ಲರೆ ಆರ್ಡರ್‌ಗಿಂತ ಮೂರು ಬಗೆಯ ದೊಡ್ಡ ಆರ್ಡರ್ ಎಷ್ಟು ಮುಖ್ಯವೆಂಬುದು ವಿನ್ಯಾಸದ ಕೊಠಡಿಯಲ್ಲಿ ಕುಳಿತವರಿಗೆ ಸುಲಭವಾಗಿ ಹೊಳೆಯುವುದಿಲ್ಲ.

ಚಪ್ಪಟೆ ತಗಡಿಗೆ ತನ್ನದೇ ಆದ ತೊಂದರೆಯಿದೆ. ಮೊದಲ ಮಾದರಿ ವಾಹನವನ್ನು ಓಡಿಸಿದಾಗ ಪಕ್ಕದ ತಗಡುಗಳು ತಮಟೆಯಂತೆ ಬಡಿದುಕೊಂಡವು. ದಪ್ಪ ಹೆಚ್ಚಿಸಿದರೆ ತೂಕ ಹೆಚ್ಚುತ್ತದೆ; ಉಬ್ಬುಗೆರೆ ಒತ್ತಲು ಮತ್ತೆ ಪ್ರೆಸ್ ಬೇಕಾಗುತ್ತದೆ. ಎಣ್ಣೆ ಡಬ್ಬ ಮತ್ತು ಪೆಟ್ಟಿಗೆಗಳನ್ನು ಮಾಡುತ್ತಿದ್ದ ಸಣ್ಣ ಕಾರ್ಖಾನೆಯೊಂದರಲ್ಲಿ ಎರಡು ರೋಲರ್‌ಗಳ ನಡುವೆ ತಗಡನ್ನು ಓಡಿಸಿ ಗೀರು ಮೂಡಿಸುವ ಯಂತ್ರವಿರುವುದು ನಮ್ಮ ನೋಟ್‌ಬುಕ್‌ನಲ್ಲಿತ್ತು. ಅವರು ವಾಹನದ ಭಾಗವನ್ನು ಹಿಂದೆಂದೂ ಮಾಡಿದವರಲ್ಲ. ಒಂದೇ ವಾರದಲ್ಲಿ ಮೂರು ಸಮಾನಾಂತರ ಉಬ್ಬುಗೆರೆಗಳಿರುವ ತಗಡನ್ನು ಮಾಡಿ ತಂದರು, ಬಡಿತ ನಿಂತಿತು.

ಯಾವುದನ್ನು ದೇಶದೊಳಗೆ ಮಾಡಿಸಬಾರದು ಎಂಬ ತೀರ್ಮಾನವೂ ಅಷ್ಟೇ ಗಂಭೀರವಾದದ್ದು. ಎಂಜಿನ್, ಗೇರ್‌ಬಾಕ್ಸ್, ಇಂಧನ ಇಂಜೆಕ್ಷನ್, ಬೇರಿಂಗ್, ಬ್ರೇಕಿನ ಮಾಸ್ಟರ್ ಸಿಲಿಂಡರ್ ಇವುಗಳನ್ನು ನಾವು ಸಿದ್ಧವಾಗಿ ಕೊಂಡೆವು. ಕೆಟ್ಟರೆ ಪ್ರಾಣಾಪಾಯ ತರುವ ಭಾಗವೇ, ಅದನ್ನು ನಂಬಬಹುದಾದ ರೀತಿಯಲ್ಲಿ ಪರೀಕ್ಷಿಸುವ ಸೌಲಭ್ಯ ನಮ್ಮ ಕೈಯೊಳಗಿದೆಯೇ ಎಂಬೆರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗದ ಯಾವುದನ್ನೂ ದೇಶಾಭಿಮಾನದ ಹೆಸರಿನಲ್ಲಿ ಸಣ್ಣ ತಯಾರಕರ ತಲೆಗೆ ಕಟ್ಟಲಿಲ್ಲ. ಚಾಸಿಸ್, ಮೈ, ಲೀಫ್ ಸ್ಪ್ರಿಂಗ್ (ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್), ಚಕ್ರದ ಹಬ್, ಬ್ರೇಕ್ ಡ್ರಮ್, ಇಂಧನ ಟ್ಯಾಂಕ್, ಸೀಟು, ರಬ್ಬರ್ ಬುಷ್, ವೈರಿಂಗ್ ಹಾರ್ನೆಸ್ (ವಿದ್ಯುತ್ ತಂತಿಗಳ ಕಟ್ಟು) ಇವು ದೇಶದೊಳಗಿನ ಪಟ್ಟಿಗೆ ಬಂದವು. ಹಾರ್ನೆಸ್ ಕೈಕೆಲಸವೇ ಹೆಚ್ಚಾಗಿರುವ ಭಾಗವಾದ್ದರಿಂದ ಸಣ್ಣ ಘಟಕಕ್ಕೆ ಹೇಳಿಮಾಡಿಸಿದಂತಿತ್ತು. ತಂತಿಯ ತುದಿಗೆ ಲೋಹದ ಕೊಂಡಿಯನ್ನು ಒತ್ತಿ ಬಿಗಿದ ಜಾಗದ, ಅಂದರೆ ಕ್ರಿಂಪ್‌ನ ಎತ್ತರ ಅಳೆಯಲು ಒಂದು ಮೈಕ್ರೋಮೀಟರ್ ಮತ್ತು ತಂತಿಯನ್ನು ಜಗ್ಗಿ ನೋಡುವ ಪರೀಕ್ಷಾ ಯಂತ್ರವನ್ನು ನಾವೇ ಕೊಟ್ಟೆವು.

ಅತಿ ಕಠಿಣ ಪಾಠ ಕಲಿಸಿದ್ದು ಲೀಫ್ ಸ್ಪ್ರಿಂಗ್. ಟ್ರಕ್ಕುಗಳ ದುರಸ್ತಿಗೆ ಸ್ಪ್ರಿಂಗ್ ಪಟ್ಟಿ ಮಾಡಿಕೊಡುತ್ತಿದ್ದ ತಯಾರಕರೊಬ್ಬರನ್ನು ಆರಿಸಿದ್ದೆವು. ಮಾದರಿಗಳ ಗಡಸುತನ ಡ್ರಾಯಿಂಗ್ ಹೇಳಿದ ಮಿತಿಯೊಳಗೇ ಇತ್ತು, ಕಮಾನಿನ ಎತ್ತರವೂ ಸರಿಯಿತ್ತು. ಆದರೆ ಭಾರವನ್ನು ಮತ್ತೆ ಮತ್ತೆ ಹಾಕಿ ತೆಗೆಯುವ ಪರೀಕ್ಷೆಯಲ್ಲಿ ಮುಖ್ಯ ಪಟ್ಟಿ ನಾವು ಗುರಿಯಿಟ್ಟಿದ್ದ ಆವರ್ತನೆಗಳ ಅರ್ಧವನ್ನೂ ಮುಟ್ಟದೆ ಮುರಿಯಿತು. ನಮ್ಮ ಸಭೆಯಲ್ಲಿ ಕೂಡಲೇ ಕೇಳಿಬಂದ ಮಾತು, ಆಮದು ಸ್ಪ್ರಿಂಗ್ ತರಿಸೋಣ ಎಂಬುದು. ನಾನು ಹದಿನೈದು ದಿನ ಸಮಯ ಕೇಳಿದೆ. ಮುರಿದ ಪಟ್ಟಿಯನ್ನು ಅಡ್ಡ ಕತ್ತರಿಸಿ, ನಯಗೊಳಿಸಿ, ಸೂಕ್ಷ್ಮದರ್ಶಕದಡಿ ನೋಡಿದಾಗ ಕಾರಣ ತಿಳಿಯಿತು. ಕುಲುಮೆಯಲ್ಲಿ ಗಾಳಿಯ ಸಂಪರ್ಕಕ್ಕೆ ಬಂದ ಉಕ್ಕಿನ ಮೇಲ್ಪದರ ಇಂಗಾಲವನ್ನು ಕಳೆದುಕೊಂಡು ಮೆತ್ತಗಾಗಿತ್ತು. ಗಡಸುತನ ಅಳೆಯುವ ಮುನ್ನ ಅವರು ವಾಡಿಕೆಯಂತೆ ಆ ಜಾಗವನ್ನು ಉಜ್ಜುತ್ತಿದ್ದರಿಂದ ಮೆದು ಪದರ ಅಳತೆಗೆ ಸಿಕ್ಕಿರಲೇ ಇಲ್ಲ. ಸ್ಪ್ರಿಂಗಿನಲ್ಲಿ ಆಯಾಸದ ಬಿರುಕು ಹುಟ್ಟುವುದು ಮೇಲ್ಮೈಯಲ್ಲೇ ಆದ್ದರಿಂದ ಒಳಗಿನ ಗಡಸುತನ ಎಷ್ಟಿದ್ದರೂ ಪ್ರಯೋಜನವಾಗಲಿಲ್ಲ.

ಡ್ರಾಯಿಂಗಿನಲ್ಲಿ ಮೇಲ್ಪದರದ ಇಂಗಾಲ ನಷ್ಟಕ್ಕೆ ಮಿತಿಯನ್ನೇ ಬರೆಯದಿದ್ದುದು ನನ್ನ ತಪ್ಪು. ಅದನ್ನು ಬರೆದೆ. ಕುಲುಮೆಯೊಳಗಿನ ಗಾಳಿ ಮತ್ತು ಇಂಧನದ ಪ್ರಮಾಣವನ್ನು ಸರಿಪಡಿಸಿ, ಪಟ್ಟಿಗಳು ಒಳಗಿರುವ ಸಮಯವನ್ನು ಕಡಿಮೆ ಮಾಡಿದೆವು. ಮೇಲ್ಮೈಯಲ್ಲಿ ಬಿರುಕು ಹುಟ್ಟದಂತೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಹೊಡೆಯುವ ಶಾಟ್ ಪೀನಿಂಗ್ ಅವರಲ್ಲಿತ್ತು, ಆದರೆ ಪಟ್ಟಿಯ ಯಾವ ಮೈ ಮೇಲೆ ಎಂಬ ನಿಯಮವಿರಲಿಲ್ಲ. ಭಾರ ಬಿದ್ದಾಗ ಹಿಗ್ಗುವುದು ಕಮಾನಿನ ಒಳಮೈ, ಅಂದರೆ ವಾಹನದಲ್ಲಿ ಮೇಲ್ಮುಖವಾಗಿರುವ ಮೈ. ಗುಂಡುಗಳು ಬೀಳಬೇಕಾದದ್ದು ಅಲ್ಲಿ. ಹೊಡೆತದ ತೀವ್ರತೆಯನ್ನು ಆಲ್ಮೆನ್ ಪಟ್ಟಿ ಎಂಬ ತೆಳು ಉಕ್ಕಿನ ಪರೀಕ್ಷಾ ಪಟ್ಟಿ ಎಷ್ಟು ಬಾಗಿತೆಂಬುದರಿಂದ ಅಳೆಯುವುದನ್ನು ಅವರ ಕೆಲಸಗಾರರು ಎರಡು ದಿನದಲ್ಲಿ ಕಲಿತರು. ಮುಂದಿನ ಮಾದರಿಗಳು ಗುರಿ ದಾಟಿಯೂ ಮುರಿಯಲಿಲ್ಲ.

ಹಬ್‌ನ ಎರಕದಲ್ಲೂ ಇಂಥದೇ ಕಥೆ ನಡೆಯಿತು, ಸ್ವಲ್ಪ ಚಿಕ್ಕದು. ಎಸ್‌ಜಿ ಕಬ್ಬಿಣಕ್ಕೆ, ಅಂದರೆ ಗ್ರಾಫೈಟ್ ಗುಂಡಗಿನ ರೂಪದಲ್ಲಿರುವ ಎರಕದ ಕಬ್ಬಿಣಕ್ಕೆ, ಮೆಗ್ನೀಸಿಯಂ ಸೇರಿಸಿದ ಮೇಲೆ ಅದರ ಪ್ರಭಾವ ನಿಮಿಷದಿಂದ ನಿಮಿಷಕ್ಕೆ ಇಳಿಯುತ್ತದೆ. ಎರಕ ಹೊಯ್ಯುವುದು ತಡವಾದಷ್ಟೂ ಗ್ರಾಫೈಟ್ ಗುಂಡಗಿನ ರೂಪ ಬಿಟ್ಟು ಕೆಡುತ್ತದೆ, ಲೋಹದ ತಾಳಿಕೆ ಕುಸಿಯುತ್ತದೆ. ಫೌಂಡ್ರಿಯವರು ಮೊದಲು ಹೊಯ್ದ ಅಚ್ಚಿನಿಂದ ಪರೀಕ್ಷಾ ತುಂಡು ತೆಗೆಯುತ್ತಿದ್ದರು. ಅದನ್ನು ಕೊನೆಯ ಅಚ್ಚಿನಿಂದ ತೆಗೆಯುವಂತೆ ಬದಲಿಸಿ, ಕರಗಿದ ಲೋಹವನ್ನು ಹೊಯ್ಯುವ ಬಾನೆಗೆ ಸಮಯದ ಮಿತಿಯಿಟ್ಟು, ಪ್ರತಿ ಹಬ್‌ನ ಮೇಲೂ ಬಾನೆಯ ಸಂಖ್ಯೆ ಮೂಡುವಂತೆ ಮಾಡಿದೆವು. ಖರ್ಚು ಏನೂ ಹೆಚ್ಚಲಿಲ್ಲ.

ಅಳತೆಯ ವಿಷಯದಲ್ಲಿ ಮಾತ್ರ ಜಗಳಗಳೇ ಆದವು. ಚಾಸಿಸ್‌ನ ಅಡ್ಡಪಟ್ಟಿಗಳು ತಯಾರಕರಲ್ಲಿ ಸರಿ ಎನಿಸಿಕೊಂಡು ನಮ್ಮಲ್ಲಿ ತಿರಸ್ಕೃತವಾಗುತ್ತಿದ್ದವು. ಎರಡೂ ಕಡೆಯವರು ಪ್ರಾಮಾಣಿಕವಾಗಿಯೇ ಅಳೆಯುತ್ತಿದ್ದರು. ಅವರು ಪಟ್ಟಿಯ ಅಂಚಿನಿಂದ ಅಳೆದರೆ ನಾವು ಮೊದಲ ರಂಧ್ರದ ಮಧ್ಯದಿಂದ ಅಳೆಯುತ್ತಿದ್ದೆವು. ಕತ್ತರಿಸುವಾಗಿನ ವ್ಯತ್ಯಾಸವೆಲ್ಲ ಆ ಎರಡರ ನಡುವೆ ಸೇರಿಕೊಳ್ಳುತ್ತಿತ್ತು. ಇದಕ್ಕೆ ಪರಿಹಾರವಾಗಿ ರಂಧ್ರಗಳ ಜಾಗ ಸರಿಯಿದೆಯೇ ಎಂದು ಪಿನ್ ತೂರಿಸಿ ನೋಡುವ, ಒಂದೇ ಬಗೆಯ ಎರಡು ಪಿನ್ ಗೇಜ್‌ಗಳನ್ನು ಮಾಡಿಸಿ ಒಂದನ್ನು ಅವರಿಗೆ ಕೊಟ್ಟು ಒಂದನ್ನು ನಾವಿಟ್ಟುಕೊಂಡೆವು. ಜೊತೆಗೆ ಪ್ರತಿಯೊಂದು ಅಳತೆಯನ್ನೂ ಮತ್ತೆ ನೋಡಿ, ನಿಜವಾಗಿ ಜೋಡಣೆಗೆ ಬೇಕಾದ ಕಡೆ ಮಾತ್ರ ಬಿಗಿ ಮಿತಿಯನ್ನು ಉಳಿಸಿ, ಉಳಿದುದನ್ನು ಸಾಮಾನ್ಯ ಅಳತೆಗಳ ಹೆಚ್ಚುಕಡಿಮೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 2768ರ ಮಧ್ಯಮ ದರ್ಜೆಗೆ ಬಿಟ್ಟೆವು. 120ರಿಂದ 400 ಮಿಲಿಮೀಟರ್‌ವರೆಗಿನ ಅಳತೆಗೆ ಅದು 0.5 ಮಿಲಿಮೀಟರ್ ಹೆಚ್ಚುಕಡಿಮೆಗೆ ಅವಕಾಶ ಕೊಡುತ್ತದೆ. ಅಭ್ಯಾಸಬಲದಿಂದ 0.1 ಎಂದು ಬರೆದಿದ್ದ ಎಷ್ಟೋ ಕಡೆ ಅಷ್ಟು ಬಿಗಿ ಬೇಕಾಗಿಯೇ ಇರಲಿಲ್ಲ, ಆದರೆ ಅದರ ಬೆಲೆಯನ್ನು ತಯಾರಕರು ತೆರುತ್ತಿದ್ದರು.

ದಾಖಲೆಗಳ ಬಗ್ಗೆಯೂ ಒಂದು ಮಾತು. ವಾಹನೋದ್ಯಮದಲ್ಲಿ ಬಿಡಿಭಾಗದ ಅನುಮೋದನೆಗೆ ಬಳಸುವ ಪಿಪಿಎಪಿ ಪದ್ಧತಿಯಲ್ಲಿ 18 ಅಂಶಗಳಿವೆ. ಹನ್ನೆರಡು ಜನರಿರುವ ಘಟಕದ ಮುಂದೆ ಅವೆಲ್ಲವನ್ನೂ ಮೊದಲ ದಿನವೇ ಇಟ್ಟರೆ ಅವರು ಯಾರಿಂದಲೋ ಕಾಗದ ತುಂಬಿಸಿ ತರುತ್ತಾರೆ, ಅದರಿಂದ ಯಾರಿಗೂ ಲಾಭವಿಲ್ಲ. ನಾವು ಕೆಲಸದ ಹಂತಗಳ ಪಟ್ಟಿ, ಯಾವ ಹಂತದಲ್ಲಿ ಏನು ಕೆಡಬಹುದೆಂಬ ವಿಚಾರ, ನಿಯಂತ್ರಣ ಯೋಜನೆ, ಅಳತೆಯ ಫಲಿತಾಂಶ, ಲೋಹದ ಪರೀಕ್ಷಾ ವರದಿ ಇಷ್ಟರಿಂದ ಆರಂಭಿಸಿದೆವು. ಇವನ್ನು ಅವರ ಭಾಷೆಯಲ್ಲೇ ಬರೆಸಿದೆವು. ಉಳಿದವು ಎರಡನೆಯ ವರ್ಷದಲ್ಲಿ ತಾವಾಗಿ ಸೇರಿಕೊಂಡವು.

ಹಣದ ವಿಷಯದಲ್ಲಿ ನಮ್ಮ ಕಡೆಯಿಂದಾದ ತಪ್ಪನ್ನು ಮುಚ್ಚಿಡಲಾರೆ. ಮಾರಾಟ ವಿಭಾಗ ಕೊಟ್ಟ ಆಶಾವಾದಿ ಅಂದಾಜನ್ನು ನಾನು ಪ್ರಶ್ನಿಸದೆ ತಯಾರಕರಿಗೆ ತಲುಪಿಸಿದೆ. ಅದನ್ನು ನಂಬಿ ಸೀಟಿನ ಚೌಕಟ್ಟು ಮಾಡುವವರು ಸಾಲ ತೆಗೆದು ಪೈಪ್ ಬಾಗಿಸುವ ಹೊಸ ಯಂತ್ರ ಕೊಂಡರು. ಮೊದಲ ವರ್ಷದ ಆರ್ಡರ್ ಅಂದಾಜಿನ ಹತ್ತಿರಕ್ಕೂ ಬರಲಿಲ್ಲ. ಆ ಯಂತ್ರದ ಕಂತು ಕಟ್ಟಲು ಅವರು ಪಟ್ಟ ಕಷ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ನಿಯಮ ಬದಲಾಯಿತು: ನಮ್ಮ ವಾಹನಕ್ಕೆ ಮಾತ್ರ ಸಲ್ಲುವ ಟೂಲ್‌ಗಳ ಹಣವನ್ನು ನಾವೇ ಕೊಡಬೇಕು, ಖಚಿತವಾದ ಆರ್ಡರ್ ಮತ್ತು ಅಂದಾಜು ಬೇರೆ ಬೇರೆ ಹಾಳೆಯಲ್ಲಿರಬೇಕು, ಸಣ್ಣ ಘಟಕಗಳ ಬಿಲ್ಲು ಮೂವತ್ತು ದಿನದೊಳಗೆ ಪಾವತಿಯಾಗಬೇಕು. ಈ ಮೂರನೆಯದಕ್ಕಾಗಿ ನಮ್ಮ ಹಣಕಾಸು ವಿಭಾಗದ ಜೊತೆ ನಡೆಸಿದ ವಾದ ಲೀಫ್ ಸ್ಪ್ರಿಂಗ್‌ನ ಪರೀಕ್ಷೆಗಿಂತ ಹೆಚ್ಚು ಕಾಲ ತೆಗೆದುಕೊಂಡಿತು. ತರಬೇತಿ, ಸನ್ಮಾನ, ಪ್ರಮಾಣಪತ್ರ ಎಲ್ಲಕ್ಕಿಂತ ಸಣ್ಣ ತಯಾರಕರಿಗೆ ದೊಡ್ಡ ಬೆಂಬಲ ಹೇಳಿದ ದಿನ ಕೈಸೇರುವ ಹಣವೇ.

ಸರ್ಕಾರವೇ ದೇಶೀಯ ಭಾಗಗಳ ಬಳಕೆಯನ್ನು ಕಡ್ಡಾಯ ಮಾಡಬಾರದೇಕೆ ಎಂದು ಹಲವರು ನನ್ನನ್ನು ಕೇಳಿದ್ದಾರೆ. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಮ್ಸ್ (ವ್ಯಾಪಾರ ಸಂಬಂಧಿ ಹೂಡಿಕೆ ಕ್ರಮಗಳ) ಒಪ್ಪಂದ ಅಂಥ ಕಡ್ಡಾಯಕ್ಕೆ ಅಡ್ಡಬರುತ್ತದೆ. ಇಂಡೋನೇಷ್ಯಾದ ರಾಷ್ಟ್ರೀಯ ಕಾರು ಯೋಜನೆಯ ದೇಶೀಯ ಭಾಗಗಳ ಷರತ್ತುಗಳು 1998ರಲ್ಲಿ ಆ ಸಂಸ್ಥೆಯ ವಿವಾದ ಮಂಡಳಿಯ ಮುಂದೆ ನಿಲ್ಲಲಿಲ್ಲ. ವಿನ್ಯಾಸದ ಮೂಲಕ ಆಯ್ದುಕೊಳ್ಳುವುದಕ್ಕೆ ಯಾರ ತಡೆಯೂ ಇಲ್ಲ. ಇನ್ನೊಂದು, ಶೇಕಡಾವಾರು ಲೆಕ್ಕ ಬಹಳ ಸುಲಭವಾಗಿ ಮೋಸಗೊಳಿಸುತ್ತದೆ. ನಮ್ಮ ಮೊದಲ ವರದಿಯಲ್ಲಿ ದೇಶೀಯ ಎಂದು ಎಣಿಸಿದ್ದ ವೈಪರ್ ಮೋಟಾರನ್ನು ಬಿಚ್ಚಿ ನೋಡಿದರೆ ಹೊರಗಿನ ಪೆಟ್ಟಿಗೆ ಮತ್ತು ಸ್ಕ್ರೂಗಳಷ್ಟೇ ಇಲ್ಲಿಯವಾಗಿದ್ದವು. ಅಂದಿನಿಂದ ಪ್ರತಿ ಭಾಗದ ಒಳಗಿನ ಭಾಗವನ್ನೂ, ಅದರ ಕಚ್ಚಾವಸ್ತುವನ್ನೂ ಬಿಡಿಸಿ ಲೆಕ್ಕ ಹಾಕಿದೆವು. ವರದಿಯ ಸಂಖ್ಯೆ ಗಣನೀಯವಾಗಿ ಇಳಿಯಿತು, ಮುಂದೆ ಯಾವುದರ ಮೇಲೆ ಕೆಲಸ ಮಾಡಬೇಕೆಂಬುದು ಮಾತ್ರ ಸ್ಪಷ್ಟವಾಯಿತು.

ಕಳೆದ ವರ್ಷ ಆ ಸ್ಪ್ರಿಂಗ್ ತಯಾರಕರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಮುಖ್ಯ ಪಟ್ಟಿಯ ತುದಿಯಲ್ಲಿ ಬುಷ್ ಕೂರುವ ಸುರುಳಿಯ, ಅಂದರೆ ಕಣ್ಣಿನ ವ್ಯಾಸವನ್ನು ತುಸು ಬದಲಿಸಿದರೆ, ಅವರು ಈಗ ಬೇರೊಂದು ವಾಹನಕ್ಕೂ ಕೊಡುತ್ತಿರುವ ಬುಷ್ ನಮ್ಮದಕ್ಕೂ ಸಲ್ಲುತ್ತದೆ, ದುರಸ್ತಿಯವರಿಗೂ ಸುಲಭವಾಗಿ ಸಿಗುತ್ತದೆ ಎಂಬುದು ಅವರ ಪ್ರಸ್ತಾವವಾಗಿತ್ತು. ಜೊತೆಗೆ ತಾವೇ ಬರೆದ ಡ್ರಾಯಿಂಗ್ ತಂದಿದ್ದರು. ಮೇಲ್ಪದರದ ಇಂಗಾಲ ನಷ್ಟದ ಮಿತಿಯನ್ನು ನಾನು ಬರೆದದ್ದಕ್ಕಿಂತ ಬಿಗಿಯಾಗಿ ನಮೂದಿಸಿದ್ದರು. ಅದಕ್ಕೆ ಸಹಿ ಹಾಕಿ ಪರೀಕ್ಷೆಗೆ ಕಳಿಸಿದ್ದೇನೆ.