ಕಾಫಿ ಬೀಜದಲ್ಲೇ ಹೆಕ್ಸ್ ಆಡಿ, ಆದರೆ ಒಂದು ಸಾಲು ಬಿಟ್ಟು ಇಡಿ

ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳೋಕಾಗಲ್ಲ. ಮನೆಯಲ್ಲಿ ಇಬ್ಬರಿದ್ದರೆ ಹೆಕ್ಸ್ ಆಡಬಹುದು. ಡೆನ್ಮಾರ್ಕಿನ ಪೀಟ್ ಹೈನ್ 1942ರಲ್ಲಿ ಕಂಡುಹಿಡಿದ ಆಟ ಇದು. ಕೆಲವು ವರ್ಷಗಳ ನಂತರ ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ ಕೂಡ ತಮ್ಮಷ್ಟಕ್ಕೆ ಇದನ್ನೇ ಕಂಡುಹಿಡಿದರು.

ಮೊದಲು ಬೋರ್ಡು. ಆರು ಮೂಲೆಯ ಮನೆ ಬರೆಯಲು ಒದ್ದಾಡಬೇಡಿ, ಇಟ್ಟಿಗೆ ಗೋಡೆಯ ಹಾಗೆ ಬರೆದರೆ ಸಾಕು: ಸಾಲಿಗೆ 11 ಮನೆ, ಒಟ್ಟು 11 ಸಾಲು, ಪ್ರತಿ ಸಾಲೂ ಮೇಲಿನದಕ್ಕಿಂತ ಅರ್ಧ ಮನೆ ಬಲಕ್ಕೆ ಸರಿದಿರಬೇಕು. ಬೋರ್ಡು ಓರೆಯಾಗಿ ಕಾಣುತ್ತದೆ, ಅದು ಹಾಗೇ ಇರಬೇಕು. ನಡುವಿನ ಯಾವ ಮನೆ ನೋಡಿದರೂ ಸುತ್ತ ಆರು ಮನೆ ತಾಗಿರುತ್ತವೆ.

ಒಬ್ಬರಿಗೆ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ; ಇನ್ನೊಬ್ಬರಿಗೆ ಒಣಗಿದ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಪಾರ್ಚ್‌ಮೆಂಟಿನವರು ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ ಕಾಯಿ ಕೂಡಿಸಬೇಕು, ಚೆರ್ರಿಯವರು ಎಡದಿಂದ ಬಲಕ್ಕೆ. ಸರದಿಗೊಂದು ಕಾಯಿ. ಇಟ್ಟ ಮೇಲೆ ಸರಿಸುವಂತಿಲ್ಲ, ಹೊಡೆಯುವಂತಿಲ್ಲ. ಡ್ರಾ ಅಂತೂ ಆಗುವುದೇ ಇಲ್ಲ, ಯಾಕೆಂದರೆ ಎದುರಿನವರ ದಾರಿ ಪೂರ್ತಿ ಮುಚ್ಚಬೇಕೆಂದರೆ ನಿಮ್ಮ ದಾರಿ ಕೂಡಿಬಿಟ್ಟಿರಲೇಬೇಕು.

ಮೊದಲು ಆಡುವವರಿಗೆ ಅನುಕೂಲ ಜಾಸ್ತಿ. ಒಂದು ತಪ್ಪೂ ಮಾಡದೆ ಆಡಿದರೆ ಅವರೇ ಗೆಲ್ಲಬಹುದು ಎಂದು ನ್ಯಾಶ್ ಸಾಧಿಸಿ ತೋರಿಸಿದರು. ಅದಕ್ಕೇ ಒಂದು ನಿಯಮ: ಮೊದಲ ಕಾಯಿ ಬಿದ್ದ ಮೇಲೆ ಎರಡನೆಯವರು ಬೇಕಿದ್ದರೆ ಪಕ್ಷ ಬದಲಿಸಿ ಆ ಕಾಯಿಯನ್ನೇ ತಮ್ಮದಾಗಿಸಿಕೊಳ್ಳಬಹುದು. ಆಗ ಯಾರೂ ಸುಮ್ನೆ ನಟ್ಟನಡುವೆ ಇಟ್ಟು ಶುರುಮಾಡುವುದಿಲ್ಲ.

ಇನ್ನು ನಿಜವಾಗಿ ಕಲಿಯಬೇಕಾದ್ದು. ಹೊಸಬರು ಕಾಯಿಗೆ ಕಾಯಿ ಅಂಟಿಸಿಕೊಂಡೇ ಹೋಗುತ್ತಾರೆ, ಅಷ್ಟರಲ್ಲಿ ಎದುರಿನವರು ಮುಂದೆ ಬಂದು ಕೂತಿರುತ್ತಾರೆ. ನೀವು ಒಂದು ಸಾಲು ಬಿಟ್ಟು, ನೇರ ಕೆಳಗಿನ ಮನೆಯಲ್ಲಿ ಇಡಿ. ಎರಡು ಕಾಯಿಗಳ ನಡುವೆ ಎರಡು ಖಾಲಿ ಮನೆ ಉಳಿಯುತ್ತವೆ, ಎರಡೂ ಆ ಎರಡು ಕಾಯಿಗಳಿಗೆ ತಾಗಿರುತ್ತವೆ. ಅವರು ಒಂದಕ್ಕೆ ನುಗ್ಗಿದರೆ ನೀವು ಇನ್ನೊಂದನ್ನು ತುಂಬಿ, ಮುಗೀತು! ಇದಕ್ಕೆ ಸೇತುವೆ ಎನ್ನುತ್ತಾರೆ. ಇದೊಂದು ಕೈಗೆ ಹತ್ತಿದರೆ ಆಟ ಬೇರೆಯೇ ಆಗಿ ಕಾಣುತ್ತದೆ. ಅಡ್ಡ ಹೋಗುವವರಿಗೂ ಸೇತುವೆ ಇದೆ: ಕೆಳಗಿನ ಸಾಲಿನಲ್ಲಿ, ಬಲಕ್ಕೆ ಒಂದೂವರೆ ಮನೆ ದೂರ. ಅಂಚಿನ ಹತ್ತಿರವೂ ಇದೇ ಲೆಕ್ಕ. ನಿಮ್ಮ ಕಾಯಿ ಅಂಚಿನಿಂದ ಎರಡನೇ ಸಾಲಿನಲ್ಲಿದ್ದು, ಅದಕ್ಕೆ ತಾಗಿದ ಅಂಚಿನ ಎರಡೂ ಮನೆ ಖಾಲಿ ಇದ್ದರೆ ಅಂಚು ಮುಟ್ಟಿದ ಹಾಗೇ.

ತಡೆಯುವಾಗಲೂ ಅಷ್ಟೇ, ಪಕ್ಕಕ್ಕೆ ತಾಗಿಸಿ ಇಟ್ಟರೆ ಅವರು ಸುತ್ತಿಕೊಂಡು ಹೋಗುತ್ತಾರೆ. ಎರಡು ಮೂರು ಸಾಲು ಮುಂದೆ, ಅವರು ಹೋಗಬೇಕಾದ ಕಡೆ ಮೊದಲೇ ಇಡಿ. ಮಕ್ಕಳ ಜೊತೆ ಆಡುವುದಾದರೆ 7 ಸಾಲಿನ ಬೋರ್ಡಿನಿಂದ ಶುರುಮಾಡಿ.