ಟೂ-ಸ್ಟ್ರೋಕ್ ಎಣ್ಣೆಯಲ್ಲಿ ಟಿಸಿ ಬೇರೆ, ಟಿಸಿ-ಡಬ್ಲ್ಯು3 ಬೇರೆ: ಎರಡು ಮಳೆಗಾಲ ಪೆಟ್ಟು ತಿಂದು ಕಲಿತದ್ದು

ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನ ರಿಪೇರಿ ಅಂಗಡಿ. ಮಳೆ ಹಿಡಿದರೆ ಅಡಿಕೆ ತೋಟಗಳಲ್ಲಿ ಹುಲ್ಲು ಸೊಂಟದವರೆಗೆ ಬರುತ್ತದೆ. ಆಗ ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಕಳೆ ಕೊಚ್ಚುವ ಯಂತ್ರಗಳು ದಿನಕ್ಕೆ ಐದಾರಾದರೂ ಅಂಗಡಿಗೆ ಬರುತ್ತವೆ. ಮೂರು ವರ್ಷದ ಹಿಂದಿನ ಆಟಿ ತಿಂಗಳಲ್ಲಿ ಬಂದವುಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು: ಬಿಸಿಯಾದ ಮೇಲೆ ಬಲವಿಲ್ಲ, ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಬಿಚ್ಚಿದರೆ ಪಿಸ್ಟನ್ ಸುತ್ತಲಿನ ರಿಂಗು ತನ್ನ ಗ್ರೂವಿನೊಳಗೆ ಅಂಟಿ ಕುಳಿತಿರುತ್ತಿತ್ತು. 140 ಪಿಎಸ್‌ಐ ಆಸುಪಾಸು ಇರಬೇಕಾದ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) 90 ತೋರಿಸುತ್ತಿತ್ತು.

ಮೊದಲು ಪಿಸ್ಟನ್ ಕಿಟ್ಟನ್ನು ದೂರಿದೆ, ಅಗ್ಗದ್ದನ್ನು ಬಿಟ್ಟು ದುಬಾರಿಯದನ್ನು ಹಾಕಿದೆ. ನಲವತ್ತು ಗಂಟೆಯ ಕೆಲಸಕ್ಕೆ ಅದೂ ಅಂಟಿತು. ನಾನೇ ಕಟ್ಟಿಕೊಟ್ಟ ಎಂಜಿನ್ ಎಂದು ಹತ್ತು ಹನ್ನೊಂದು ಜನರಿಗೆ ಪುಕ್ಕಟೆಯಾಗಿ ಮತ್ತೆ ಮಾಡಿಕೊಟ್ಟೆ. ಎರಡು ಮಳೆಗಾಲದಲ್ಲಿ ಸುಮಾರು 14 ಸಾವಿರ ರೂಪಾಯಿ ಕೈಬಿಟ್ಟಿತು. ಪಕ್ಕದ ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರು, "ಎಣ್ಣೆ ಸ್ವಲ್ಪ ಜಾಸ್ತಿ ಹಾಕು ಮಾರಾಯ" ಎಂದರು. ಲೀಟರಿಗೆ 20 ಮಿಲಿ ಇದ್ದದ್ದನ್ನು 40 ಮಾಡಿದೆ. ಸೈಲೆನ್ಸರ್ ಕಟ್ಟಿಕೊಂಡಿತು, ಬಿಸಿ ಇನ್ನೂ ಏರಿತು. ಎಣ್ಣೆ ಹೆಚ್ಚಾದಷ್ಟು ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಬಿಸಿ ಏರುತ್ತದೆ ಎಂಬುದು ಅಂದು ನನಗೆ ಹೊಳೆಯಲಿಲ್ಲ.

ತಪ್ಪು ಇದ್ದದ್ದು ಎಣ್ಣೆಯ ಡಬ್ಬಿಯ ಮೇಲೆ. ಯಂತ್ರದ ಪುಸ್ತಕದಲ್ಲಿ ಎಣ್ಣೆಯ ದರ್ಜೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಟಿಸಿ ಅಥವಾ ಜಾಸೋ (ಜಪಾನಿನ ವಾಹನ ಗುಣಮಟ್ಟದ ಗುರುತು) ಎಫ್‌ಸಿ ಎಂದಿತ್ತು. ನಾನು ತರಿಸುತ್ತಿದ್ದದ್ದು ಕಡಲಕರೆಯ ಕಡೆಯಿಂದ, ಲೀಟರಿಗೆ 60–70 ರೂಪಾಯಿ ಕಡಿಮೆಗೆ; ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3. "ಎರಡೂ ಟಿಸಿಯೇ" ಎಂದು ಅಂಗಡಿಯವರು ಹೇಳಿದರು, ನಾನು ನಂಬಿದೆ. ಆ ಡಬ್ಲ್ಯು ಎಂದರೆ ನೀರು. ಅದು ಅಮೆರಿಕದ ದೋಣಿ ತಯಾರಕರ ಸಂಘದ ಗುರುತು, ದೋಣಿಯ ಹಿಂಬದಿಗೆ ಕಟ್ಟುವ, ನೀರಿನಿಂದ ತಂಪಾಗುವ ಔಟ್‌ಬೋರ್ಡ್ ಎಂಜಿನ್ನುಗಳಿಗೆ. ಬೂದಿ ಉಳಿಯಬಾರದೆಂದು ಅದರಲ್ಲಿ ಲೋಹದ ಅಂಶವಿರುವ ಡಿಟರ್ಜೆಂಟ್ (ಮಸಿ ತೊಳೆಯುವ ಸೇರ್ಪಡೆ) ಹಾಕುವುದಿಲ್ಲ. ಮೀನಿನ ದೋಣಿಗೆ ಅದು ಒಳ್ಳೆಯ ಎಣ್ಣೆಯೇ. ಗಾಳಿಯಿಂದ ತಂಪಾಗುವ, ಏರು ಗುಡ್ಡದಲ್ಲಿ ಪೂರ್ತಿ ವೇಗದಲ್ಲಿ ಓಡುವ ನಮ್ಮ ಯಂತ್ರದ ಬಿಸಿಯನ್ನು ಅದು ತಾಳುವುದಿಲ್ಲ.

ಅಂದಿನಿಂದ ಜಾಸೋ ಎಫ್‌ಡಿ ಮಾತ್ರ. ಜಾಸೋ ದರ್ಜೆಗಳಲ್ಲಿ ಎಫ್‌ಬಿಗಿಂತ ಎಫ್‌ಸಿಯಲ್ಲಿ ಹೊಗೆ ಕಡಿಮೆ. ಎಫ್‌ಡಿಯಲ್ಲಿ ಹೊಗೆ ಎಫ್‌ಸಿಯಷ್ಟೇ, ಪಿಸ್ಟನ್ ಚೊಕ್ಕಟವಾಗಿಡುವ ಗುಣ ಹೆಚ್ಚು. "ದುಬಾರಿ ಎಣ್ಣೆ ಮಾರುವ ಉಪಾಯ" ಎಂದು ಕೆಲವರು ಆಡಿಕೊಂಡರು. ಹಾಗಾಗಿ ಒಬ್ಬರೇ ತೋಟದವರ ಎರಡು ಸಮಾನ ಯಂತ್ರಗಳಿಗೆ ಹೊಸ ಕಿಟ್ ಹಾಕಿ, ಒಂದಕ್ಕೆ ಹಳೆಯ ಎಣ್ಣೆ, ಇನ್ನೊಂದಕ್ಕೆ ಎಫ್‌ಡಿ, ಎರಡಕ್ಕೂ ಸಿರಿಂಜಿನಲ್ಲಿ ಅಳೆದು ಲೀಟರಿಗೆ 20 ಮಿಲಿ ಕೊಟ್ಟೆ. ಅರುವತ್ತು ಗಂಟೆಯ ನಂತರ ಅವರೆದುರೇ ಬಿಚ್ಚಿದೆ. ಎಫ್‌ಡಿ ಹಾಕಿದ್ದರ ರಿಂಗು ಉಗುರಿನಿಂದ ಒತ್ತಿದರೆ ಆಡುತ್ತಿತ್ತು, ಇನ್ನೊಂದರದ್ದನ್ನು ಚಾಕುವಿನಿಂದ ಎಬ್ಬಿಸಬೇಕಾಯಿತು. ಆಡಿಕೊಂಡವರಲ್ಲಿ ಮೂವರು ಈಗ ಎಣ್ಣೆಗೆ ನನ್ನಲ್ಲಿಗೇ ಬರುತ್ತಾರೆ.

ಎಣ್ಣೆಯ ಬಣ್ಣ ನೋಡಬೇಡಿ, ಅದು ಬೆರೆಸಿದ ಬಣ್ಣ. "ಎಫ್‌ಡಿಗೆ ಸಮಾನ" ಎಂಬ ಬರಹವನ್ನೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚೌಕದೊಳಗೆ ಜಾಸೋ ಗುರುತೂ ನೋಂದಣಿ ಸಂಖ್ಯೆಯೂ ಇರಬೇಕು. ನೋಂದಾಯಿತ ಎಣ್ಣೆಗಳ ಪಟ್ಟಿ ಅಂತರ್ಜಾಲದಲ್ಲಿದೆ, ಹುಡುಕಿ ನೋಡಿಯೇ ಕೊಳ್ಳುತ್ತೇನೆ. ಬೈಕಿಗೂ ಹೀಗೆಯೇ: ತಮ್ಮನ ಬೈಕಿಗೆ ಕಾರಿನ ಎಣ್ಣೆ ಹಾಕಿ ಕ್ಲಚ್ ಜಾರತೊಡಗಿತ್ತು, ಬೈಕಿನ ಎಣ್ಣೆಯ ದರ್ಜೆಯಾದ ಜಾಸೋ ಎಂಎ2 ಹಾಕಿದ ಮೇಲೆ ಹಿಡಿಯಿತು.

ಎಣ್ಣೆ ಬದಲಿಸಿದಾಗ ಕಾರ್ಬ್ಯುರೇಟರ್ ತಿರುಪನ್ನು ಎಷ್ಟು ಸಡಿಲಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ಕಳೆದ ವರ್ಷ ರಿಂಗು ಅಂಟಿದ ಯಂತ್ರ ನನ್ನ ಗಿರಾಕಿಗಳಲ್ಲಿ ಒಂದೋ ಎರಡೋ, ಅಷ್ಟೇ.

ಈಗ ಎಥನಾಲ್ ಬೆರೆತ ಪೆಟ್ರೋಲಿಗೆ ತೇವ ಏನು ಮಾಡುತ್ತದೆ ಎಂದು ನೋಡುವ ಸರದಿ. ಎಫ್‌ಡಿ ಬೆರೆಸಿದ ಪೆಟ್ರೋಲನ್ನು ಮೂರು ಬಾಟಲಿಗಳಲ್ಲಿ ತುಂಬಿ ಅಟ್ಟದಲ್ಲಿಟ್ಟಿದ್ದೇನೆ. ಒಂದರ ಮುಚ್ಚಳ ಸಡಿಲ, ಒಂದು ಬಿಗಿ, ಮೂರನೆಯದಕ್ಕೆ ಎರಡು ಚಮಚ ನೀರು. ಮೂರನೆಯದರ ತಳದಲ್ಲಿ ಮರುದಿನವೇ ಬೇರೆ ಪದರ ನಿಂತಿತ್ತು. ಉಳಿದ ಎರಡನ್ನು ಸೋಣ ತಿಂಗಳು ಕಳೆದ ಮೇಲೆ ತೆಗೆಯುತ್ತೇನೆ.